ಮುಂದಿನ ಗಡ್ಡೆಯ ಎಣ್ಣೆ

ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ನನ್ನ ಬಲಗೈಯ ತೋರುಬೆರಳಿಗೆ ಭಾರೀ ಬೆಲೆ ಇತ್ತು. ಈಗ ಅದು ಗುಳಿಗೆಯ ಹಾಳೆ ಒತ್ತಲಿಕ್ಕೆ, ಮಗನ ಮೊಬೈಲಿನಲ್ಲಿ ಫೋಟೋ ಸರಿಸಲಿಕ್ಕೆ ಬಳಕೆಯಾಗುತ್ತದೆ. ಶಿರಗುಪ್ಪಿಯ ಮನೆಯಲ್ಲಿ ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ದಿನಗಳಲ್ಲಿ ಮಾತ್ರ, ವರ್ಷಕ್ಕೊಮ್ಮೆ ಆ ಬೆರಳನ್ನು ಕೇಳದೆ ಅಪ್ಪ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ಮನೆ ದೊಡ್ಡದೇ. ಮುಂದೆ ಪಡಸಾಲೆ, ಅದರ ಮಗ್ಗುಲಿಗೆ ಆಯಿಯ ಕೋಣೆ, ಒಳಗೆ ದೇವರ ಕೋಣೆ, ಅದಕ್ಕೂ ಒಳಗೆ ಹಗಲು ಹೊತ್ತಿನಲ್ಲೂ ದೀಪ ಬೇಡುವ ಅಡಿಗೆಮನೆ. ಹಿಂದೆ ಅಂಗಳ. ಅಂಗಳದ ಒಂದು ಬದಿಗೆ ದನದ ಗೋದಲಿ, ಅದಕ್ಕೆ ಹತ್ತಿಕೊಂಡು ಮೇವಿನ ಕೋಣೆ, ಎದುರಿಗೆ ತಗಡಿನ ಶೆಡ್ಡು. ಇದ್ದವರು ಐದೇ ಜನ: ಅಪ್ಪನ ತಾಯಿ ಆಯಿ, ಅಪ್ಪ, ಅವ್ವ, ಅಪ್ಪನ ತಮ್ಮ ಬಾಬು ಕಾಕಾ ಮತ್ತು ನಾನು. ಆಯಿ ಮಾತಾಡುತ್ತಿದ್ದಳು, ಉಳಿದವರು ಕೇಳುತ್ತಿದ್ದರು. ಕಾಕಾ ಒಬ್ಬನೇ ಅವಳ ಮಾತಿನ ನಡುವೆ ಸಿಳ್ಳು ಹಾಕುತ್ತ ಎದ್ದು ಹೋಗುವಷ್ಟು ಧೈರ್ಯವಂತ. ಅಪ್ಪ ಮಾತು ಉಳಿಸುವ ಮನುಷ್ಯ. ಊಟಕ್ಕೆ ಕೂತರೆ ರೊಟ್ಟಿ ಬೇಕು ಅಂತಲೂ ಹೇಳುತ್ತಿರಲಿಲ್ಲ, ತಾಟನ್ನು ಒಂದಿಷ್ಟು ಮುಂದಕ್ಕೆ ಸರಿಸುತ್ತಿದ್ದ.

ಗಾಡಿ ಎಂದರೆ ಜೀಪಿನ ಮುಖ, ಹಿಂದೆ ತೆರೆದ ಡಬ್ಬಿ, ನಾಲ್ಕೂ ಗಾಲಿಗೆ ಬಲ ಇರುವ ಪಿಕಪ್. ನಮ್ಮ ಹೊಲ ಕೃಷ್ಣೆಯ ದಂಡೆಯ ಎರೆಭೂಮಿ. ಕಬ್ಬಿಗೆ ನೀರು ಹಾಯಿಸಿದ ಮರುದಿನ ಅದರಲ್ಲಿ ಎತ್ತಿನ ಬಂಡಿಯೂ ಹೂತು ಕೂಡುತ್ತಿತ್ತು. ಈ ಗಾಡಿ ಮಾತ್ರ, ಕಾಕಾ ಸಣ್ಣ ಹಿಡಿಕೆಯೊಂದನ್ನು ಎಳೆದು ಮುಂದಿನ ಗಾಲಿಗೂ ಬಲ ಕೊಟ್ಟನೆಂದರೆ, ಕೆಸರು ಉಗುಳುತ್ತ ಎದ್ದು ಬರುತ್ತಿತ್ತು. ಊರವರು ನಿಂತು ನೋಡುತ್ತಿದ್ದರು. ಓಡಿಸುವವನು ಕಾಕಾ, ಆರೈಕೆ ಮಾಡುವವನು ಅಪ್ಪ. ಗ್ಯಾರೇಜಿನ ಮಿಸ್ತ್ರಿಗಳ ಕೈಗೆ ಅದನ್ನು ಕೊಡುವುದೆಂದರೆ ಅಪ್ಪನಿಗೆ ಅವಮಾನ. ಗಾಡಿಯ ಹೊಟ್ಟೆಯ ಕೆಳಗೆ, ಹಿಂದಿನ ಎರಡು ಗಾಲಿಗಳ ನಡುವೆ ಒಂದು, ಮುಂದಿನ ಎರಡರ ನಡುವೆ ಒಂದು, ಹೀಗೆ ಎರಡು ಕಬ್ಬಿಣದ ಗುಂಡುಗಳಿದ್ದವು. ಗಾಲಿ ತಿರುಗಿಸುವ ಹಲ್ಲಿನ ಚಕ್ರಗಳು ಅವುಗಳೊಳಗೆ ಎಣ್ಣೆಯಲ್ಲಿ ಮುಳುಗಿಕೊಂಡು ಇರುತ್ತವೆ. ಮಿಸ್ತ್ರಿಗಳು ಅದಕ್ಕೆ ಡಿಫರೆನ್ಶಿಯಲ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಗಡ್ಡೆ. ಉಳ್ಳಾಗಡ್ಡಿಯ ಹಾಗೆ ನಡುವೆ ಉಬ್ಬಿದೆ ಅಂತ ನಾನೇ ಚಿಕ್ಕಂದಿನಲ್ಲಿ ಇಟ್ಟ ಹೆಸರು. ಹಿಂದಿನ ಗಡ್ಡೆ, ಮುಂದಿನ ಗಡ್ಡೆ. ಅಪ್ಪನೂ ಹಾಗೇ ಕರೆಯಲು ಶುರುಮಾಡಿದಾಗ ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ವರ್ಷಕ್ಕೊಮ್ಮೆ, ನವರಾತ್ರಿಯ ಎಂಟನೆಯ ದಿನ, ಈ ಎರಡೂ ಗಡ್ಡೆಗಳ ಎಣ್ಣೆ ಬದಲಿಸುವುದು ನಮ್ಮ ಮನೆಯ ಪದ್ಧತಿ. ಮರುದಿನ ಖಂಡೇ ಪೂಜೆ. ಕುಡುಗೋಲು, ಕೊಡಲಿ, ಗಾಡಿಯ ನಟ್ಟು ಬಿಚ್ಚುವ ಪಾನಾಗಳು ಎಲ್ಲ ತೊಳೆಸಿಕೊಂಡು ಪೂಜೆಗೆ ಕೂಡುತ್ತವೆ, ಬನ್ನಿ ಕೊಟ್ಟು ಮುಗಿಯುವ ತನಕ ಅವನ್ನು ಯಾರೂ ಎತ್ತುವಂತಿಲ್ಲ. ಗಾಡಿ ಹೊಸ ಎಣ್ಣೆ ಕುಡಿದು ಪೂಜೆಗೆ ನಿಲ್ಲಬೇಕು, ಆಮೇಲೆ ಕಬ್ಬಿನ ಹಂಗಾಮಿಗೆ ಇಳಿಯಬೇಕು ಎಂಬುದು ಅಪ್ಪನ ಲೆಕ್ಕ. ಅವತ್ತು ಬೆಳಿಗ್ಗೆ ಕಾಕಾ ಊರ ಹೊರಗಿನ ತನಕ ಗಾಡಿಯನ್ನು ಓಡಿಸಿಕೊಂಡು ಬರುತ್ತಿದ್ದ, ಎಣ್ಣೆ ಬಿಸಿಯಾಗಿ ತೆಳ್ಳಗಾಗಲಿ ಅಂತ. ಆಮೇಲೆ ಅಪ್ಪ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗುತ್ತಿದ್ದ, ಪಕ್ಕಕ್ಕೆ ನಾನು. ಪ್ರತಿ ಗಡ್ಡೆಗೆ ಎರಡು ಬೂಚು. ಕೆಳಗಿನದರಿಂದ ಹಳೆಯ ಎಣ್ಣೆ ಇಳಿಸುವುದು, ಮೇಲಿನದರಿಂದ ಹೊಸದು ಹಾಕುವುದು. ಮೊದಲು ಮೇಲಿನದನ್ನೇ ಬಿಚ್ಚಬೇಕು. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯೆಲ್ಲ ಸುರಿದುಹೋದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚಲೇ ಇಲ್ಲವೆಂದರೆ ಗಾಡಿ ನಿಂತಲ್ಲೇ ನಿಂತಿತು. ಇದನ್ನು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದ, ನಾನು ಪ್ರತಿ ವರ್ಷ ಹೊಸದಾಗಿ ಕೇಳಿದಂತೆ ತಲೆ ಆಡಿಸುತ್ತಿದ್ದೆ. ಕೆಳಗಿನ ಬೂಚಿನ ತುದಿಗೆ ಚುಂಬಕ. ಹಲ್ಲು ಸವೆದ ಕಬ್ಬಿಣದ ಪುಡಿ ಅದಕ್ಕೆ ಮೀಸೆಯ ಹಾಗೆ ಅಂಟಿಕೊಂಡು ಬರುತ್ತಿತ್ತು. ಅದನ್ನು ಅಪ್ಪ ಬೆರಳ ನಡುವೆ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ಹೂಂ ಎಂದರೆ ಆ ವರ್ಷ ಕ್ಷೇಮ.

ಕೊನೆಯ ಕೆಲಸ ನನ್ನದು. ಹೊಸ ಎಣ್ಣೆಯನ್ನು ಅಪ್ಪ ಹಿತ್ತಾಳೆಯ ಪಿಚಕಾರಿಯಿಂದ ಏರಿಸುತ್ತಿದ್ದ. ರಂಗಪಂಚಮಿಗೆಂದು ಕಾಕಾ ತಂದದ್ದನ್ನು ಅಪ್ಪ ಗಾಡಿಗೆ ಕಸಿದುಕೊಂಡಿದ್ದ. ಎಣ್ಣೆ ಸಾಕೋ ಬೇಕೋ ಎಂದು ನೋಡಲು ಮೇಲಿನ ತೂತಿನಲ್ಲಿ ಬೆರಳು ಹಾಕಿ ಒಳಗೆ ಕೆಳಮುಖವಾಗಿ ಮಡಚಬೇಕು. ಅಪ್ಪನ ಬೆರಳು ಕೊಡಲಿ ಹಿಡಿದು ದಪ್ಪಗಾಗಿ ಹೋಗಿತ್ತು, ತೂತಿನಲ್ಲಿ ಮಡಚಲು ಬರುತ್ತಿರಲಿಲ್ಲ. ಹಾಗಾಗಿ ನನ್ನದು. ಮೊದಲ ಗೆಣ್ಣಿನಲ್ಲಿ ಮಡಚಿದಾಗ ಉಗುರು ತೊಯ್ದರೆ ಅಳತೆ ಸರಿ.

"ಎಷ್ಟೈತಿ?" ಅಪ್ಪ ಕೇಳುತ್ತಿದ್ದ.

"ಉಗುರ ತೊಯ್ತ ಅಪ್ಪಾ."

"ಬೂಚ ಹಾಕ. ಅರ್ಧಾ ಸುತ್ತ ಹೆಚ್ಚಿಗಿ."

ವರ್ಷವಿಡೀ ಅಪ್ಪ ನನ್ನ ಸಂಗಡ ಆಡುತ್ತಿದ್ದ ಮಾತುಗಳಲ್ಲಿ ಉತ್ತರಕ್ಕಾಗಿ ಕಾಯುತ್ತಿದ್ದದ್ದು ಅದೊಂದೇ ಪ್ರಶ್ನೆಗೆ. ಶಾಲೆಯ ಮಾರ್ಕು ಕೇಳಿದರೂ ಉತ್ತರ ಬರುವಷ್ಟರಲ್ಲಿ ಎದ್ದು ಹೋಗಿರುತ್ತಿದ್ದ. ಆ ದಪ್ಪ ಎಣ್ಣೆಯ ವಾಸನೆ, ಕೊಳೆತ ತತ್ತಿ ಮತ್ತು ಸುಟ್ಟ ಗಂಧಕ ಕೂಡಿದಂಥದು, ಎರಡು ದಿನ ಬೆರಳಿನಲ್ಲಿ ಉಳಿಯುತ್ತಿತ್ತು. ಆಯಿ ಮೂಗು ಮುಚ್ಚಿಕೊಂಡು ನನ್ನನ್ನು ಪಂಕ್ತಿಯ ತುದಿಗೆ ಕೂಡಿಸುತ್ತಿದ್ದಳು. ನಾನು ಆ ಬೆರಳನ್ನು ಬಿಟ್ಟು ಉಳಿದ ಬೆರಳುಗಳಿಂದ ರೊಟ್ಟಿ ಮುರಿಯುತ್ತಿದ್ದೆ, ವಾಸನೆ ಬೇಗ ಹೋಗದಿರಲಿ ಅಂತ.

ನನಗೆ ಹದಿಮೂರು ಮುಗಿದ ವರ್ಷದ ನವರಾತ್ರಿ. ನಮ್ಮಲ್ಲಿ ನವರಾತ್ರಿಗೆ ಘಟ ಕೂಡಿಸುತ್ತಾರೆ. ದೇವರ ಕೋಣೆಯಲ್ಲಿ ಪತ್ರಾವಳಿಯ ಮೇಲೆ ಹೊಲದ ಮಣ್ಣು ಹಾಕಿ, ಕಾಳು ಬಿತ್ತಿ, ನಡುವೆ ನೀರಿನ ಕೊಡ ಇಟ್ಟು, ಒಂಬತ್ತು ದಿನ ದೀಪ ಆರದಂತೆ ಕಾಯುವುದು. ಆ ಒಂಬತ್ತು ದಿನ ಮುಟ್ಟಾದ ಹೆಣ್ಣಿನ ನೆರಳೂ ಆ ಕೋಣೆಗೆ ಬೀಳಬಾರದು ಎಂದು ಆಯಿಯ ಕಟ್ಟಪ್ಪಣೆ. ಅವ್ವನ ದಿನಗಳು ಅದರಲ್ಲಿ ಬಂದರೆ ಅವಳು ಮೇವಿನ ಕೋಣೆಯಲ್ಲಿರುತ್ತಿದ್ದಳು. ಹುಲ್ಲಿನ ಹಾಸಿಗೆ, ಬೇರೆ ತಾಟು, ಬೇರೆ ತಂಬಿಗೆ. ಅಪ್ಪ ಸಂಜೆಯ ಪೂಜೆ ಮಾಡುವವನಾದ್ದರಿಂದ ಅವನಿಗೆ ಇನ್ನೂ ಬಿಗಿಯಾದ ಮಡಿ. ಎಂಟನೆಯ ದಿನ ಅಪ್ಪ ಗಾಡಿಯ ಕೆಳಗೆ ಹೋಗುವುದಕ್ಕೆ ಆಯಿ ಒಪ್ಪಿದ್ದೇ ದೊಡ್ಡದು. ಕೆಲಸ ಮುಗಿದ ಮೇಲೆ ಸ್ನಾನ, ಆಮೇಲೆ ಪೂಜೆ, ಆಮೇಲೆ ಏನನ್ನೂ ಮುಟ್ಟುವಂತಿಲ್ಲ ಎಂಬ ಕರಾರಿನ ಮೇಲೆ ಒಪ್ಪಿದ್ದಳು.

ಅವತ್ತು ಹಿಂದಿನ ಗಡ್ಡೆಯ ಕೆಲಸ ಸಲೀಸಾಗಿ ಆಯಿತು. ನನ್ನ ಉಗುರು ತೊಯ್ದಿತು. ಎಣ್ಣೆಯ ಎರಡು ಡಬ್ಬಿಗಳಲ್ಲಿ ಒಂದು ಖಾಲಿಯಾಯಿತು. ಮುಂದಿನ ಗಡ್ಡೆಯ ಮೇಲಿನ ಬೂಚು ಬಿಚ್ಚಿದೆವು, ಕೆಳಗಿನದನ್ನು ಬಿಚ್ಚಿದೆವು. ಎಣ್ಣೆ ಕಪ್ಪಗೆ ತಗಡಿನ ಬುಟ್ಟಿಗೆ ಇಳಿಯತೊಡಗಿತು. ಬೆಳಿಗ್ಗೆಯಿಂದ ನನ್ನ ಕಿಬ್ಬೊಟ್ಟೆ ಹಿಡಿದುಕೊಂಡಿತ್ತು. ನಸುಕಿನಲ್ಲಿ ತಣ್ಣನೆಯ ಝುಣಕಾ ತಿಂದದ್ದಕ್ಕೆ ಇರಬೇಕು ಅಂತ ಸುಮ್ಮನಿದ್ದೆ. ನನ್ನ ತಲೆ ಗಾಡಿಯ ಕೆಳಗೆ, ಕಾಲು ಹೊರಗೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಆಯಿಗೆ ಕಂಡದ್ದು ನನ್ನ ಲಂಗದ ಮೇಲಿನ ಕಲೆ.

"ಏ ಬೇ ಶಕ್ಕು! ಹೊರಗ ಬಾ! ಮದಲ ಹೊರಗ ಬಾ!"

ನಾನು ಹೊರಗೆ ತೆವಳುವಷ್ಟರಲ್ಲಿ ಆಯಿ ಮೊರ ಬಿಸುಟು ಎದ್ದಿದ್ದಳು.

"ಅಯ್ಯ ನನ್ನ ದೇವರ! ಘಟ ಕುಂತಾವ ಮನ್ಯಾಗ! ಹೊರಗ ಆದಾಕಿ ಅವನ ಮಗ್ಗಲದಾಗ ಮಲಗ್ಯಾಳ! ಏ ಸೊಸಿ, ಎಲ್ಲಿ ಸತ್ತಿ?"

ಅವ್ವ ಓಡಿ ಬಂದಳು. ಅಪ್ಪ ಗಾಡಿಯ ಆ ಬದಿಯಿಂದ ಎದ್ದು ನಿಂತ. ನನ್ನ ಕಡೆ ನೋಡಲಿಲ್ಲ. ಆ ಕ್ಷಣದಲ್ಲಿ ಅವನು ಒಮ್ಮೆ ನೋಡಿದ್ದರೂ ಸಾಕಿತ್ತು, ಬೈದಿದ್ದರೂ ಸಾಕಿತ್ತು. ಎಣ್ಣೆಗೈ ಒರೆಸಿಕೊಳ್ಳುತ್ತ ಶೆಡ್ಡಿನ ತಗಡನ್ನು ನೋಡಿದ. ಆಯಿ ಅವನ ತಲೆಯ ಮೇಲೇ ಗೋಮೂತ್ರ ಚಿಮುಕಿಸಿದಳು. ನೀರು ಕಾಯಿಸಿಟ್ಟಿತ್ತು, ಅವನನ್ನು ಬಚ್ಚಲಿಗೆ ದಬ್ಬಿದಳು. ಹೋಗುವಾಗ ಅಪ್ಪ ಬಗ್ಗಿ ಎರಡೂ ಬೂಚುಗಳನ್ನು ಕೈಯಿಂದ ತಿರುವಿ ಹಾಕಿದ್ದನ್ನು ನಾನು ನೋಡಿದೆ, ಮಣ್ಣು ಹೋಗದಿರಲಿ ಅಂತ ಹಾಕುವ ಹಾಗೆ. ಸ್ನಾನ ಮಾಡಿ ಮಡಿಯುಟ್ಟು ಒಳಗೆ ಹೋದವನು ಮತ್ತೆ ಅಂಗಳಕ್ಕೆ ಬರಲಿಲ್ಲ.

ಮೇವಿನ ಕೋಣೆಗೆ ಕಿಟಕಿ ಇರಲಿಲ್ಲ, ಬಾಗಿಲ ಹಲಗೆಯಲ್ಲಿ ಕೈ ಹೋಗುವಷ್ಟು ಬಿರುಕಿತ್ತು. ಮರುದಿನ ಖಂಡೇ ಪೂಜೆಯನ್ನು ನಾನು ಆ ಬಿರುಕಿನಿಂದ ನೋಡಿದೆ. ಕಾಕಾ ಗಾಡಿಯನ್ನು ತೊಳೆದು, ಕಬ್ಬಿನ ಜಲ್ಲೆ ಕಟ್ಟಿ, ಚೆಂಡು ಹೂವಿನ ಮಾಲೆ ಹಾಕಿದ. ಪಾನಾಗಳನ್ನು ಒಗೆದ ಚಾದರದ ಮೇಲೆ ಸಾಲಾಗಿ ಹರವಿದ್ದರು. ಅವುಗಳ ತುದಿಗೆ ಎಣ್ಣೆಯ ಎರಡನೆಯ ಡಬ್ಬಿ. ಅದರ ಮುಚ್ಚಳದ ಕಂಪನಿ ಸೀಲು ಒಡೆದಿರಲಿಲ್ಲ. ಆಯಿ ಅದಕ್ಕೂ ಅರಿಷಿಣ ಕುಂಕುಮ ಏರಿಸಿ, ಒಂದು ಹೂವು ಇಟ್ಟು, ಕೈ ಮುಗಿದಳು. ಗಾಡಿಯ ಹೊಟ್ಟೆಯಲ್ಲಿರಬೇಕಾದ ಎಣ್ಣೆ ಗಾಡಿಯ ಮುಂದೆ ಕೂತು ಪೂಜೆ ಮಾಡಿಸಿಕೊಳ್ಳುತ್ತಿತ್ತು. ಅವ್ವ ಹೋಳಿಗೆ ತಂದು ಬಾಗಿಲ ಹೊರಗೆ ಇಟ್ಟಾಗ ಹೇಳಿದೆ:

"ಅವ್ವಾ, ಮುಂದಿನ ಗಡ್ಡಿಗೆ ಎಣ್ಣಿ ಹಾಕಿಲ್ಲ. ಡಬ್ಬಿ ಹಂಗ ಐತಿ ನೋಡ. ಅಪ್ಪಗ ಹೇಳ."

"ಬಾಯಿ ಮುಚ್ಚ. ಈಗ ಗಾಡಿ ಹೆಸರ ತಗೀಬ್ಯಾಡ ನೀ. ನಿಮ್ಮ ಆಯಿ ಕೇಳಿದರ ನನ್ನ ಜೀವಾ ತಿಂತಾಳ."

"ಹಂಗಾರ ಕಾಕಾಗ ಹೇಳ."

ಅವ್ವ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಮೂರನೆಯ ದಿನ ದಸರೆ. ಊರ ಗಂಡಸರೆಲ್ಲ ಬನ್ನಿ ಮುಡಿದು ಬಂದರು. ಕಾಕಾ ಮೇವಿನ ಕೋಣೆಯ ತನಕ ಬಂದು ಹೊಸ್ತಿಲ ಮೇಲೆ ಎಲೆಗಳನ್ನಿಟ್ಟು ಹಿಂದೆ ಸರಿದು ನಿಂತ.

"ಶಕ್ಕು, ಬನ್ನಿ ತಗೋ. ಬಂಗಾರದ್ಹಂಗ ಇರೂಣು."

ಅಪ್ಪ ಬರಲಿಲ್ಲ. ಅವನು ಬರಬಹುದು ಅಂತ ಕತ್ತಲಾಗುವ ತನಕ ಬಿರುಕಿಗೆ ಕಣ್ಣಿಟ್ಟು ಕೂತಿದ್ದೆ ಎಂಬುದನ್ನು ಇವತ್ತು ಬರೆಯಲು ನಾಚಿಕೆಯೇನಿಲ್ಲ. ನಾನು ಒಳಗೆ ಬರುವಷ್ಟರಲ್ಲಿ ಪಾನಾಗಳು ಪೆಟ್ಟಿಗೆ ಸೇರಿದ್ದವು, ಕುಂಕುಮದ ಡಬ್ಬಿಯನ್ನು ಯಾರೋ ಅಟ್ಟದ ಮೇಲೆ ಇಟ್ಟಿದ್ದರು.

ಹಂಗಾಮು ಶುರುವಾಯಿತು. ಫ್ಯಾಕ್ಟರಿಯ ಚಿಮಣಿ ಹೊಗೆಯಾಡಿತು, ಮನೆಯ ತುಂಬ ಕಬ್ಬಿನ ಒಣಗಿದ ಎಲೆಯ, ಆ ರವದಿಯ ತುರಿಕೆ. ಕಾಕಾ ದಿನಕ್ಕೆ ಎಷ್ಟು ಸಲ ಕೆಸರಿಗೆ ಇಳಿದನೋ, ಎಷ್ಟು ಜನರ ಟ್ರಾಲಿ ಎಳೆದು ಕೊಟ್ಟನೋ. ಅವನಿಗೆ ರಾಯಬಾಗದ ಕಡೆಯ ಹುಡುಗಿಯ ಸಂಗಡ ನಿಶ್ಚಯವಾಗಿತ್ತು, ಗಾಡಿಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದು ಜಾಸ್ತಿಯಾಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದ:

"ಅಣ್ಣಾ, ಮುಂದ ಏನೋ ಗುಂಯ್ ಅನ್ನಾಕತ್ತೈತಿ. ಸುಟ್ಟ ವಾಸನಿನೂ ಬರತೈತಿ."

ಅಪ್ಪ ಬದನೆಕಾಯಿಯಲ್ಲಿ ರೊಟ್ಟಿ ಅದ್ದುತ್ತಿದ್ದ. ನಾನು ನೀರು ಬಡಿಸುತ್ತ ನಿಂತಿದ್ದೆ. ಅವನ ಕೈ ಒಂದು ಗಳಿಗೆ ನಿಂತಿತು.

"ಟಾಯರ ಸಪ್ಪಳ ಅದು," ಎಂದ.

ಆಗಲೇ ಅವನಿಗೆ ನೆನಪಾಗಿತ್ತೋ, ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅಲ್ಲೇ ಹೇಳಬಹುದಿತ್ತು. ಆದರೆ ಆ ದಿನದಿಂದ ಗಾಡಿಯ ಹತ್ತಿರ ಹೋಗುವುದಕ್ಕೆ ನನಗೆ ಅಪ್ಪಣೆ ಇರಲಿಲ್ಲ. ಅಪ್ಪ ನನ್ನ ಮುಖ ನೋಡಿ ಮಾತಾಡಿರಲಿಲ್ಲ. ನನಗೂ ಸಿಟ್ಟಿತ್ತು. ಕೇಳಲಿ, ಅವನೇ ಬಂದು ಬೆರಳು ಕೇಳಲಿ ಅಂದುಕೊಂಡೆ. ತಂಬಿಗೆ ಹಿಡಿದುಕೊಂಡು ಒಳಗೆ ಹೋದೆ.

ಅದಾಗಿ ನಾಲ್ಕೋ ಐದೋ ದಿನ. ಕಾಕಾ ಬಿತ್ತನೆಯ ಕಬ್ಬು ಹೇರಿಕೊಂಡು ಅಥಣಿಯ ಕಡೆ ಹೊರಟಿದ್ದ. ಬೆಳಗಿನ ಬಿಸಿಲು, ಒಣಗಿದ ರಸ್ತೆ, ಎದುರಿಗೆ ಒಂದು ವಾಹನವೂ ಇರಲಿಲ್ಲವಂತೆ. ಕಾಲುವೆಯ ಸೇತುವೆ ಇಳಿಯುವಾಗ ಮುಂದಿನ ಎರಡೂ ಗಾಲಿ ಒಮ್ಮೆಲೇ ಕಚ್ಚಿ ಹಿಡಿದವು. ಗಾಡಿ ಅಡ್ಡ ತಿರುಗಿ ಮಗ್ಗುಲಾಗಿ ಬಿತ್ತು. ಕಾಕಾನ ಬಲಗಾಲು ಬಾಗಿಲ ಅಡಿಗೆ. ಮಿರಜಿನ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ರಾಯಬಾಗದವರು ಒಂದು ಸಲ ನೋಡಲು ಬಂದರು, ಚಹಾ ಕುಡಿದರು, ಆಮೇಲೆ ಬರಲಿಲ್ಲ. ಕಾಕಾ ಮನೆಗೆ ಬಂದ ದಿನ ಆಯಿ ಪಡಸಾಲೆಯ ಕಂಬ ಹಿಡಿದು ಕೂತು, ನೋಡಲು ಬಂದ ಊರವರಿಗೆಲ್ಲ ಕೇಳುವಂತೆ ಹಾಡಿ ಅತ್ತಳು:

"ಘಟದಾಗ ಮೈಲಿಗಿ ಮಾಡಿದಳ್ರೋ! ಪೂಜಿ ಗಾಡಿನ ಮುಟ್ಟಿ ನನ್ನ ಮಗನ ಕಾಲ ತಿಂದಳ್ರೋ ಈ ಹುಡುಗಿ!"

ಬಂದವರು ನನ್ನನ್ನು ಹುಡುಕಿ ನೋಡಿದರು. ನಾನು ಅಪ್ಪನನ್ನು ನೋಡಿದೆ. ಅಪ್ಪ ಅಂಗಳಕ್ಕೆ ಎದ್ದು ಹೋದ.

ಗಾಡಿಯನ್ನು ಎಳೆದು ತಂದು ಶೆಡ್ಡಿನಲ್ಲಿ ಕಲ್ಲಿನ ಮೇಲೆ ನಿಲ್ಲಿಸಿದ್ದರು. ಒಂದು ಬೆಳಿಗ್ಗೆ ನಾನು ಗೋದಲಿಯಲ್ಲಿ ಸೆಗಣಿ ಬಳಿಯುತ್ತಿದ್ದಾಗ ಅಪ್ಪ ಪಾನಾ ತೆಗೆದುಕೊಂಡು ಮುಂದಿನ ಗಡ್ಡೆಯ ಕೆಳಗೆ ಹೋದ. ಕೆಳಗಿನ ಬೂಚು ಬಿಚ್ಚಿದ. ಒಂದು ಹನಿ ಬೀಳಲಿಲ್ಲ. ಚುಂಬಕದ ತುದಿಗೆ ಪುಡಿಯಲ್ಲ, ಹಲ್ಲಿನ ತುಂಡುಗಳೇ ಕಚ್ಚಿಕೊಂಡಿದ್ದವು, ಸುಟ್ಟು ನೀಲಿಯಾಗಿದ್ದವು. ಅದನ್ನು ಹಿಡಿದು ಅವನು ಬಹಳ ಹೊತ್ತು ಮಲಗಿದ್ದ. ಎದ್ದು ಕೂತಾಗ ಸೆಗಣಿಯ ಬುಟ್ಟಿ ಹಿಡಿದು ನಿಂತಿದ್ದ ನನ್ನನ್ನು ಕಂಡ. ಆ ದಿನದ ನಂತರ ಮೊದಲ ಸಲ ಅಪ್ಪ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಆಮೇಲೆ ತುಂಡುಗಳನ್ನು ಚಡ್ಡಿಯ ಕಿಸೆಗೆ ಹಾಕಿಕೊಂಡು ಬೂಚು ತಿರುವಿದ. ಮಿಸ್ತ್ರಿಯನ್ನು ಕರೆಸೋಣ ಎಂದು ಅವ್ವ ಅಂದದ್ದಕ್ಕೆ ಬೇಡವೆಂದ. ಮಾರೋಣ ಎಂದು ಸೋದರಮಾವ ಅಂದದ್ದಕ್ಕೂ ಬೇಡವೆಂದ. ಯಾಕೆ ಎನ್ನುವುದು ನನಗೆ ಗೊತ್ತಿತ್ತು. ಯಾರು ಕೊಂಡರೂ ಮೊದಲು ಗಡ್ಡೆ ಬಿಚ್ಚುತ್ತಾರೆ.

"ನಮ್ಮ ನಸೀಬ," ಎಂದಷ್ಟೇ ಎಲ್ಲರಿಗೂ ಹೇಳಿದ.

ನಾನು ಅವ್ವನಿಗೆ ಒಂದೇ ಸಲ ಬಾಯಿ ಬಿಟ್ಟೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, ಇದನ್ನು ಇನ್ನೊಂದು ಸಲ ಆಡಿದರೆ ತಾನು ಬಾವಿ ನೋಡಿಕೊಳ್ಳುತ್ತೇನೆ ಎಂದಳು. ಅಲ್ಲಿಗೆ ಮುಗಿಯಿತು. ಹೀಗೆ ನಾನು ಅಪ್ಪನ ಗುಟ್ಟನ್ನು ಕಾಯುವವಳಾದೆ. ಅದನ್ನು ದೊಡ್ಡ ಕೆಲಸ ಎಂದುಕೊಂಡೆ. ಅಪ್ಪ ಒಂದು ದಿನ ತಾನಾಗಿ ಹೇಳುತ್ತಾನೆ, ಆಯಿಯ ಮುಂದೆ, ಕಾಕಾನ ಮುಂದೆ, ಅದು ಹುಡುಗಿಯ ತಪ್ಪಲ್ಲ, ನಾನು ಎಣ್ಣೆ ಹಾಕುವುದು ಮರೆತೆ ಅಂತ. ಬೇರೇನೂ ಬೇಡ, ಇಷ್ಟು ಸಾಕು. ಪ್ರತಿ ಊಟದಲ್ಲೂ ಕಾದೆ. ಕಾಕಾ ಒಂಟಿಗಾಲು ಚಾಚಿ ಮಂಚದ ಮೇಲೆ ಕೂತು ಉಣ್ಣುತ್ತಿದ್ದ, ನಾನು ಅವನ ತಾಟು ಎತ್ತುತ್ತಿದ್ದೆ. ಅಪ್ಪ ಬೇಗ ಬೇಗ ಉಂಡು ಎದ್ದುಹೋಗುತ್ತಿದ್ದ. ಮಾತು ಉಳಿಸುವ ಮನುಷ್ಯ ಅದೊಂದನ್ನೂ ಉಳಿಸಿಬಿಟ್ಟ. ಶಾಲೆಯಲ್ಲಿ, ಬಾವಿಯ ಕಟ್ಟೆಯಲ್ಲಿ, ಮದುವೆ ಮುಂಜಿಗಳಲ್ಲಿ ನಾನು ಕಾಲು ತಿಂದ ಹುಡುಗಿಯಾದೆ. ಯಾರದಾದರೂ ಹೊಸ ಗಾಡಿ ಬಂದರೆ ಅವರ ಅಂಗಳಕ್ಕೆ ಹೋಗುವುದನ್ನು ನಾನೇ ಬಿಟ್ಟೆ. ಇವತ್ತಿಗೂ ಯಾರ ಮನೆಯ ಪೂಜೆಗೆ ಹೋದರೂ ಬಾಗಿಲ ಹತ್ತಿರ ಕೂಡುತ್ತೇನೆ. ಮಕ್ಕಳು ನಗುತ್ತಾರೆ. ಮತ್ತೆ ಪ್ರತಿ ವರ್ಷ ಘಟ ಕೂಡಿಸುವ ಹಿಂದಿನ ದಿನ ಆಯಿ ನನ್ನನ್ನು ಅವ್ವನ ತವರು ಕಬ್ಬೂರಿಗೆ ಕಳಿಸುತ್ತಿದ್ದಳು, ಮುಟ್ಟಿನ ದಿನವಿರಲಿ ಬಿಡಲಿ. ದಸರೆ ಮುಗಿದ ಮೇಲೆಯೇ ವಾಪಸು. ಎಂಟು ವರ್ಷ ನಾನು ನಮ್ಮ ಮನೆಯ ಖಂಡೇ ಪೂಜೆ ನೋಡಲಿಲ್ಲ.

ನಿಪ್ಪಾಣಿಯ ಕಡೆ ನನ್ನ ಮದುವೆ ಗೊತ್ತಾಯಿತು. ಅಂಗಳದಲ್ಲಿ ಹಂದರ ಹಾಕಬೇಕು, ಶೆಡ್ಡು ತೆರವಾಗಬೇಕು. ಮರುದಿನ ಬಂದು ಗಾಡಿಯನ್ನು ಒಡೆದು ಒಯ್ಯಲು ಗುಜರಿಯವನಿಗೆ ಹೇಳಿ ಕಳಿಸಿದ್ದರು. ಅಂಗಳದಲ್ಲಿ ನೆಂಟರ ಹೆಂಗಸರೆಲ್ಲ ಕೂತು ಶ್ಯಾವಿಗೆ ಹೊಸೆಯುತ್ತಿದ್ದರು, ನಡುವೆ ಆಯಿ. ನನ್ನ ಕೈಕಾಲಿಗೆ ಅರಿಷಿಣ ಹಚ್ಚಿ, ಒಣಗುವ ತನಕ ಏನೂ ಮುಟ್ಟಬೇಡ ಎಂದು ಹೇಳಿ ಕೂಡಿಸಿದ್ದರು. ನಾನು ಎದ್ದು ಶೆಡ್ಡಿಗೆ ಹೋದೆ. ಪಾನಾದ ಪೆಟ್ಟಿಗೆ ಅದೇ ಜಾಗದಲ್ಲಿತ್ತು. ಆ ಒಣಗಿದ ಗಡ್ಡೆಯನ್ನು ಒಂದು ಸಲ ಬಿಚ್ಚಿ ನೋಡಬೇಕು ಎನ್ನಿಸಿತು. ಗುಜರಿಯವನು ಒಡೆದು ಹಾಕುವ ಮೊದಲು, ನಾನು ಹುಚ್ಚಿಯಲ್ಲ, ಕಂಡದ್ದು ಖರೆ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಕಲ್ಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಮೇಲಿನ ಬೂಚಿಗೆ ಪಾನಾ ಹಾಕಿದೆ. ಎಂಟು ವರ್ಷ ಬಿಚ್ಚದ ಬೂಚು, ಕೂತು ಒದೆಯಬೇಕಾದೀತು ಎಂದುಕೊಂಡಿದ್ದೆ. ಅದು ಎರಡು ಬೆರಳಿಗೆ ತಿರುಗಿತು.

ಬೆರಳು ಹಾಕಿದೆ. ಮೊದಲ ಗೆಣ್ಣಿಗೆ ಮಡಚಿದೆ. ಉಗುರು ತೊಯ್ದಿತು.

ತೆಗೆದು ಬೆಳಕಿಗೆ ಹಿಡಿದೆ. ಕಪ್ಪಲ್ಲ, ಜೇನಿನ ಬಣ್ಣದ ಹೊಸ ಎಣ್ಣೆ. ಅರಿಷಿಣದ ಮೇಲೆ ಅದು ಹರಿದು ಅಂಗೈಗೆ ಇಳಿಯಿತು. ಹಿಂದೆ ಊರುಗೋಲಿನ ಸಪ್ಪಳವಾಯಿತು. ಬಾಬು ಕಾಕಾ ಬಂದು ಕಟ್ಟೆಯ ಮೇಲೆ ಕೂತ.

"ಮದುಮಗಳ ಅವತಾರ ನೋಡ," ಎಂದ. "ಬೀಗರು ನೋಡಿದರ ಮಿಸ್ತ್ರಿ ಅಂತ ತಿಳಕೋತಾರ."

"ಕಾಕಾ, ಇದರಾಗ ಎಣ್ಣಿ ಐತಿ."

"ಐತಿ. ಪ್ರತಿ ವರ್ಷ ಎಂಟನೇ ದಿನಾ ಬದಲಿ ಮಾಡ್ತಾನ ಅಣ್ಣ. ಓಡಲಾರದ ಗಾಡಿಗೆ. ನೀ ಕಬ್ಬೂರಾಗ ಇರತಿದ್ದಿ."

"ನಿನಗ... ನಿನಗ ಗೊತ್ತಿತ್ತ?"

"ನಿಮ್ಮವ್ವ ಪೂಜಿ ದಿನಾನ ಬಂದ ಹೇಳಿದ್ದಳು. ನಾ ಹೋಗಿ ಅಣ್ಣಗ ಕೇಳಿದೆ. ಹಾಕೇನಿ ಅಂದ. ಅಣ್ಣ ಹಾಕೇನಿ ಅಂದಮ್ಯಾಲ ನಾ ಬೂಚ ಬಿಚ್ಚಿ ನೋಡಾಕ ಬರತೈತೇನ, ಶಕ್ಕು?"

ಆಯಿಗೆ ಗೊತ್ತಿಲ್ಲವಲ್ಲ ಎಂದೆ. ಕಾಕಾ ಅಂಗಳದ ಕಡೆ ನೋಡಿದ.

"ಹೆತ್ತಾಕಿ ಅಕಿ. ಪೂಜಿ ಮಾಡಿದ ಡಬ್ಬಿ ಅಟ್ಟದ ಮ್ಯಾಲ ಸೀಲ ಒಡೀದ ಕುಂತಿತ್ತು, ದಿನಾ ಉಪ್ಪಿನಕಾಯಿ ತಗೀವಾಗ ಕಾಣತಿತ್ತು ಅಕಿಗೆ." ಊರುಗೋಲನ್ನು ಮಗ್ಗುಲಿಗಿಟ್ಟು ಅಂದ: "ಅಣ್ಣ ಸಾಯೂತನಕಾ ಈ ಮನ್ಯಾಗ ಇರಾಂವ, ನನ್ನ ಎದರಿಗೆ ಉಣ್ಣಾಂವ. ಅವನ ಮ್ಯಾಲ ಬಿದ್ದರ ಮನಿ ನಿಲ್ಲತಿದ್ದಿಲ್ಲ. ನೀ ಹೋಗಾಕಿ. ನಿನ್ನ ಜೋಡಿ ಅದೂ ಹೊಕ್ಕೈತಿ ಅಂತ..."

ಮುಂದೆ ಹೇಳಲಿಲ್ಲ. ಎಂಟು ವರ್ಷ ಎಲ್ಲರಿಂದ ಮುಚ್ಚಿಟ್ಟು ಕಾಯುತ್ತಿದ್ದೇನೆ ಎಂದುಕೊಂಡ ಗುಟ್ಟು ಎಲ್ಲರಿಗೂ ಗೊತ್ತಿತ್ತು. ನಾಲ್ವರೂ ಕೂಡಿ ಅದನ್ನು ನನ್ನ ತಲೆಯ ಮೇಲೆ ಇಟ್ಟಿದ್ದರು, ಹೇಗೂ ಗಂಡನ ಮನೆಗೆ ಹೋಗುವ ತಲೆ ಅಂತ. ನನಗ್ಯಾಕೋ ಅಳು ಬರಲಿಲ್ಲ. ಪಾನಾ ಎತ್ತಿ ಗಾಡಿಯ ಗಾಜಿಗೆ ಬೀಸಬೇಕು ಎನ್ನುವಷ್ಟು ಸಿಟ್ಟು ಬಂತು. ಕಾಕಾನ ಖಾಲಿ ಪಾಯಜಾಮದ ಕಾಲು ಮಡಚಿ ಪಿನ್ನು ಹಾಕಿದ್ದನ್ನು ನೋಡಿ ಅವನ ಮೇಲೆ ಕೂಗಾಡಲೂ ಆಗಲಿಲ್ಲ.

ಆಗ ಅಪ್ಪ ಬಂದ. ಹಂದರದ ಬಿದಿರು ಹೊತ್ತು ತಂದವನು ಶೆಡ್ಡಿನ ಬಾಗಿಲಲ್ಲಿ ನಿಂತುಬಿಟ್ಟ. ನನ್ನ ಕೈ ನೋಡಿದ, ಬಿಚ್ಚಿದ ಬೂಚು ನೋಡಿದ. ಬಿದಿರನ್ನು ಮೆಲ್ಲಗೆ ಗೋಡೆಗೆ ಆನಿಸಿದ. ಅವನ ತಲೆ ಅಷ್ಟು ಬೆಳ್ಳಗಾದದ್ದು ನನ್ನ ಗಮನಕ್ಕೆ ಬಂದದ್ದೇ ಆಗ.

"ಎಷ್ಟೈತಿ?" ಎಂದು ಕೇಳಿದ.

ಉತ್ತರ ಕೊಡಬಾರದು ಅಂದುಕೊಂಡೆ. ಆದರೆ ಅವನು ಕಾಯುತ್ತ ನಿಂತಿದ್ದ, ಹಿಂದೆ ಕಾಯುತ್ತಿದ್ದ ಹಾಗೆಯೇ. ನನ್ನ ಬಾಯಿಂದ ಬಂದದ್ದು ಲಂಗದ ಹುಡುಗಿಯ ದನಿ, ಅದರಲ್ಲಿ ಹಳೆಯ ಹೆಮ್ಮೆಯೂ ಇತ್ತು. ಅದಕ್ಕಾಗಿ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

"ಉಗುರ ತೊಯ್ತ ಅಪ್ಪಾ."

ಅವನು ಹೂಂ ಎಂದ. ನಾನು ಎದ್ದು ನಿಂತೆ.

"ಹೊರಗ ಎಲ್ಲಾರೂ ಕುಂತಾರ. ಆಯಿನೂ ಅದಾಳ. ನಾಳೆ ಗಾಡಿ ಹೊಕ್ಕೈತಿ, ನಾಳಿದ್ದ ನಾನೂ ಹೋಗಾಕಿ. ಎಲ್ಲಾರಿಗೂ ಕೇಳೂ ಹಂಗ ಒಂದ ಸಲ ಹೇಳ ಅಪ್ಪಾ. ಒಂದ ಮಾತ."

ಅಪ್ಪ ಅಂಗಳದ ಕಡೆ ತಿರುಗಿದ. ಹೆಂಗಸರ ನಗು ಕೇಳುತ್ತಿತ್ತು. ಅವನ ಬಾಯಿ ತೆರೆಯಿತು. ಕಾಕಾ ಊರುಗೋಲು ಹಿಡಿದು ಅರ್ಧ ಎದ್ದಿದ್ದ. ಕೊನೆಗೆ ಅಪ್ಪ ನನ್ನ ಕಡೆ ಹೊರಳಿದ. ಅವನ ಕಣ್ಣಲ್ಲಿ ನೀರಿತ್ತು.

"ಬೂಚ ಹಾಕ," ಎಂದ. "ಎಣ್ಣ್ಯಾಗ ಮಣ್ಣ ಹೊಕ್ಕೈತಿ."

ಬಿದಿರು ಎತ್ತಿಕೊಂಡು ಹೊರಗೆ ಹೋದ. ನಾನು ಕೂತು ಬೂಚು ಹಾಕಿದೆ. ಪಾನಾ ಹಿಡಿದು ಬಿಗಿ ಮಾಡಿದೆ, ಅವನು ಕಲಿಸಿದ ಹಾಗೆ, ಅರ್ಧ ಸುತ್ತು ಹೆಚ್ಚಿಗೆ.